ಕುಣಿಯೋಕಾಗದ ಟ್ಯಾಂಗೋ: ಮನೆ ಗುಂಪಿನ ಜಗಳ

ಅಕ್ಕ: [ವಿಡಿಯೋ] "ಪ್ಯಾರಿಸ್‌ನ ಗುರು ಒಂದೇ ಮಾತು ಹೇಳಿದರು. ಆಸ್ಟರ್ ಪಿಯಾಸೋಲಾ ಟ್ಯಾಂಗೋವನ್ನೇ ಬದಲಿಸಿದ. ಜಗತ್ತು ತಲೆಬಾಗಿತು!" ಬಂದದ್ದನ್ನ ಹಾಗೇ ಕಳಿಸ್ತಿದ್ದೀನಿ. ಅರ್ಜೆಂಟೀನಾದ ಟ್ಯಾಂಗೋ ಸಂಗೀತಗಾರ ಇವನು. ಕೇಳಿ, ಸಖತ್ತಾಗಿದೆ.

ದೊಡ್ಡಪ್ಪ: ಪೂರ್ತಿ ಕೇಳಿದೆ. ಚೆನ್ನಾಗಿಲ್ಲ ಅನ್ನಲ್ಲ. ಆದರೆ ಟ್ಯಾಂಗೋ ಕುಣಿತದ ಸಂಗೀತ ಅಲ್ವಾ? ಇಲ್ಲಿ ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದಾರೆ.

ಅಕ್ಕ: ಬೇಕಂತಲೇ ಹಾಗೆ ಮಾಡಿದ್ದು ದೊಡ್ಡಪ್ಪ. ಕೇಳೋಕೆ ಅಂತ ಬರೆದದ್ದು.

ದೊಡ್ಡಪ್ಪ: ಹಾಗಿದ್ರೆ ಬೇರೆ ಹೆಸರು ಇಟ್ಟುಕೊಳ್ಳಬೇಕಿತ್ತು.

ಅತ್ತೆ: ಅಣ್ಣಾ, ಇದೇ ಮಾತನ್ನ ಅರ್ಜೆಂಟೀನಾದವರು ವರ್ಷಗಟ್ಟಲೆ ಹೇಳಿ ಅವನಿಗೆ ಸಾಕು ಮಾಡಿದ್ದರು. ಬ್ಯೂನಸ್ ಐರಿಸ್‌ನ ಟ್ಯಾಕ್ಸಿಯವರು ಹತ್ತಿಸಿಕೊಳ್ಳುತ್ತಿರಲಿಲ್ಲ ಅನ್ನೋ ಕತೆಯೂ ಇದೆ. ಆದರೆ ಅವನೇನು ಹೊರಗಿನವನಾ? 1939ರಲ್ಲಿ, 18ನೇ ವಯಸ್ಸಿಗೆ, ಅನಿಬಾಲ್ ಟ್ರೊಯ್ಲೊ ಅನ್ನೋ ಟ್ಯಾಂಗೋ ನಾಯಕರ ತಂಡ ಸೇರಿದವನು. ಅದು ಕುಣಿಯುವವರಿಗೇ ನುಡಿಸುತ್ತಿದ್ದ ತಂಡ. ಇವನು ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಅನ್ನೋದನ್ನ, ಬರೆದುಕೊಟ್ಟರೆ ಟ್ರೊಯ್ಲೊ ರಬ್ಬರ್ ಹಿಡಿದು ಸ್ವರ ಅಳಿಸುತ್ತಿದ್ದರಂತೆ. ಇಷ್ಟೆಲ್ಲ ತುಂಬಿದರೆ ಜನ ಹೆಜ್ಜೆ ಹಾಕೋದು ಹೇಗೆ ಅಂತ.

ದೊಡ್ಡಪ್ಪ: ಟ್ರೊಯ್ಲೊ ನನ್ನ ಪಕ್ಷ ಅನ್ನು!

ಚಿಕ್ಕಪ್ಪ: ಈ ಗುಂಪನ್ನ ಮ್ಯೂಟ್ ಮಾಡೋದು ಹೇಗೆ, ಯಾರಾದ್ರೂ ಹೇಳ್ರಪ್ಪ.

ನಾನು: ಅಕ್ಕ, ಆ ಫಾರ್ವರ್ಡ್ ಕತೆಯನ್ನೇ ಉಲ್ಟಾ ಮಾಡಿದೆ. ಪ್ಯಾರಿಸ್‌ಗೆ ಹೋಗಿದ್ದು 1954ರಲ್ಲಿ. ಅಷ್ಟರಲ್ಲಿ ಅಲ್ಲಿನ ಶಾಸ್ತ್ರೀಯ ಸಂಗೀತ ರಚನಕಾರ ಹಿನಾಸ್ಟೆರಾ ಹತ್ತಿರ ಪಾಠ ಆಗಿತ್ತು, 1946ರಲ್ಲಿ ಸ್ವಂತ ತಂಡವೂ ಆಗಿತ್ತು. 1953ರಲ್ಲಿ ಅವನ ಸಿಂಫನಿ ನುಡಿಸಿದಾಗ ಆರ್ಕೆಸ್ಟ್ರಾದ ಮಧ್ಯೆ ಎರಡು ಬ್ಯಾಂಡೋನಿಯನ್, ಅಂದರೆ ಎಳೆದು ಒತ್ತಿ ನುಡಿಸೋ ಟ್ಯಾಂಗೋ ಪೆಟ್ಟಿಗೆ, ಇಟ್ಟಿದ್ದಕ್ಕೇ ಸಭೆಯಲ್ಲಿ ಕೈಕೈ ಮಿಲಾಯಿಸಿದ್ದರು. ಟ್ಯಾಂಗೋ ಬಗ್ಗೆ ಅವನಿಗೇ ನಾಚಿಕೆ, ಶಾಸ್ತ್ರೀಯ ಸಂಗೀತಗಾರ ಆಗಬೇಕು ಅಂತ ಹೋದವನು. ಪ್ಯಾರಿಸ್‌ನ ಆ ಗುರು ನಾಡಿಯಾ ಬುಲಾಂಜೆ ಅವನ ದೊಡ್ಡ ದೊಡ್ಡ ಸ್ವರಲಿಪಿಗಳನ್ನೆಲ್ಲ ನೋಡಿ, ಇದರಲ್ಲಿ ನೀನೆಲ್ಲಿದ್ದೀಯ ಅಂತ ಕೇಳಿದರು. ಆಮೇಲೆ ಪಿಯಾನೋದಲ್ಲಿ ಅವನದೇ ಟ್ಯಾಂಗೋ ನುಡಿಸಲು ಹೇಳಿ, ಇದೇ ನೀನು, ಇದನ್ನ ಬಿಡಬೇಡ ಅಂದರು. ಟ್ಯಾಂಗೋ ಬದಲಿಸು ಅಂತ ಅವರು ಎಲ್ಲಿ ಹೇಳಿದರು?

ದೊಡ್ಡಪ್ಪ: ಬಿಡಬೇಡ ಅಂದರೆ ಊರಿಗೆ ಬಂದು ಎಲೆಕ್ಟ್ರಿಕ್ ಗಿಟಾರ್ ಕೂರಿಸಿದ. ಒಳ್ಳೇ ಶಿಷ್ಯ.

ಅತ್ತೆ: ಕೂರಿಸಿದ, 1955ರ ಎಂಟು ಜನರ ತಂಡದಲ್ಲಿ. ಹಾಡುಗಾರನೂ ಇಲ್ಲ, ಕುಣಿತವೂ ಇಲ್ಲ. ಆದರೆ ತಾಳ ಗಮನಿಸು ಅಣ್ಣಾ. ಎಂಟು ಎಣಿಕೆಯನ್ನ ಮೂರು, ಮೂರು, ಎರಡು ಅಂತ ಒಡೆಯುತ್ತಾನೆ. ಕಾಲು ಒಂದು ಕಡೆ ಬೀಳಬೇಕು ಅಂದ್ಕೊಂಡರೆ ಒತ್ತು ಇನ್ನೊಂದು ಕಡೆ ಬೀಳುತ್ತೆ. ಈ ಎಣಿಕೆ ಅವನು ಹುಟ್ಟಿಸಿದ್ದಲ್ಲ, ಮಿಲೊಂಗಾ ಅನ್ನೋ ಹಳೇ ಕುಣಿತದ ಸಂಗೀತದಲ್ಲೇ ಇತ್ತು. ಅದನ್ನ ಎತ್ತಿ ಮುಂದಕ್ಕೆ ತಂದ, ಅಷ್ಟೇ. ವಿಡಿಯೋದಲ್ಲಿ ನೋಡು, ನಿಂತುಕೊಂಡೇ ನುಡಿಸ್ತಾನೆ. ಒಂದು ಕಾಲು ಮೇಲಿಟ್ಟು ತೊಡೆ ಮೇಲೆ ಪೆಟ್ಟಿಗೆ ಎಳೀತಾನೆ. ಒಂದೇ ಗುಂಡಿಗೆ ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಅಂಥಾ ವಾದ್ಯದಲ್ಲಿ ಆ ವೇಗ!

ದೊಡ್ಡಪ್ಪ: ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ.

ಅಕ್ಕ: ದೊಡ್ಡಪ್ಪ, "ಆದಿಯೋಸ್ ನೊನಿನೊ" ಕೇಳಿ. ನೊನಿನೊ ಅಂದರೆ ಅವನ ಅಪ್ಪನನ್ನ ಮನೆಯಲ್ಲಿ ಕರೀತಿದ್ದ ಹೆಸರು. ನ್ಯೂಯಾರ್ಕ್‌ನಲ್ಲಿದ್ದಾಗ, ಹುಡುಗನಿಗೆ ಎಂಟು ವರ್ಷ, ಗಿರವಿ ಅಂಗಡಿಯಿಂದ ಮೊದಲ ಬ್ಯಾಂಡೋನಿಯನ್ ತಂದುಕೊಟ್ಟದ್ದು ಅವರೇ. 1959ರಲ್ಲಿ ಅವರು ತೀರಿಕೊಂಡಾಗ ಮಗ ಪರದೇಶದಲ್ಲಿ. ದುಡ್ಡಿಲ್ಲ, ಊರಿಗೆ ಹೋಗೋಕೂ ಆಗಲಿಲ್ಲ. ನ್ಯೂಯಾರ್ಕ್‌ಗೆ ವಾಪಸ್ ಬಂದು ಇದನ್ನ ಬರೆದ. ಇದಕ್ಕೂ ಕುಣಿಯಬೇಕಾ?

ದೊಡ್ಡಪ್ಪ: ಕೇಳಿದೆ.

ದೊಡ್ಡಪ್ಪ: ಎರಡು ಸಲ ಕೇಳಿದೆ. ಇದಕ್ಕೆ ಕುಣಿಯೋದು ಬೇಡಮ್ಮ. ಆದರೂ ಕುಣಿಯುವವರ ಪಾಲಿನದು ಹೋಯಿತು ಅನ್ನೋ ನನ್ನ ಮಾತು ಹಾಗೇ ಇದೆ.

ನಾನು: ಎಲ್ಲೂ ಹೋಗಿಲ್ಲ ದೊಡ್ಡಪ್ಪ. ಅಲ್ಲಿನ ಕುಣಿತದ ಮನೆಗಳಲ್ಲಿ ಇವತ್ತಿಗೂ ಜಾಸ್ತಿ ಹಾಕೋದು 1930, 40ರ ದಶಕದ ರೆಕಾರ್ಡುಗಳನ್ನೇ. ಇವನದು ಹೆಚ್ಚಾಗಿ ವೇದಿಕೆ ಮೇಲೆ. ಅದಕ್ಕೇ ನನಗೆ "ಜಗತ್ತು ತಲೆಬಾಗಿತು" ಅನ್ನೋ ಸಾಲಿನ ಮೇಲೆ ಸಿಟ್ಟು. ವರ್ಷಗಟ್ಟಲೆ ಅವನ ಜೊತೆ ಜನ ಜಗಳ ಆಡಿದ್ದಾರೆ, ಅವನೂ ಬಿಡಲಿಲ್ಲ, ಅದನ್ನೆಲ್ಲ ಸುಮ್ನೆ ಒರೆಸಿಹಾಕಿ ಹಾರ ಹಾಕಿಬಿಡ್ತಾರೆ.

ಅತ್ತೆ: ಅಣ್ಣಾ, ಟ್ರೊಯ್ಲೊ ತಂಡದ 1941ರ ರೆಕಾರ್ಡ್ ಕಳಿಸ್ತೀನಿ. ಅದನ್ನ ಕೇಳು, ಆಮೇಲೆ ಜಗಳ ಮುಂದುವರಿಸೋಣ.

ದೊಡ್ಡಪ್ಪ: ಕಳಿಸು. ರಬ್ಬರ್ ಹಾಕಿದ್ದನ್ನೇ ಕಳಿಸು.