1998ರ ಜಿಪಿಎಸ್ ಪ್ರಕಾರ ನಮ್ಮ ಬಾಂದುಕಲ್ಲು ಹಳ್ಳದ ಆಚೆ ಇದೆ!

ಮೇಲಿನತೋಟ (ತೀರ್ಥಹಳ್ಳಿ ಕಡೆ):
ಅಟ್ಟದ ಮೇಲಿನ ಟ್ರಂಕಿನಲ್ಲಿ ಚಿಕ್ಕಪ್ಪನ ನೋಟ್‌ಬುಕ್ ಸಿಕ್ಕಿತು. 1998ರ ಬೇಸಿಗೆಯಲ್ಲಿ ವಿದೇಶದಿಂದ ಬಂದಾಗ ಕೈಯಲ್ಲಿ ಹಿಡಿಯುವ ಜಿಪಿಎಸ್ ತಂದಿದ್ದರು. ತೋಟ ಮುಗಿದು ಸೊಪ್ಪಿನಬೆಟ್ಟ ಶುರುವಾಗುವ ಮೂಲೆಯಲ್ಲಿ ಒಂದು ಬಾಂದುಕಲ್ಲಿದೆ. ಅದರ ಅಕ್ಷಾಂಶ, ರೇಖಾಂಶ ಬರೆದಿಟ್ಟಿದ್ದಾರೆ. ನೀಲಿ ಇಂಕು, ನಿಮಿಷಕ್ಕೆ ಮೂರು ದಶಾಂಶ, ಅಷ್ಟು ನೀಟು.

ಈಗ ಆ ಜಾಗ ಪೂರ್ತಿ ಮಟ್ಟಿ ಬೆಳೆದಿದೆ, ಕಲ್ಲು ಕಾಣುವುದಿಲ್ಲ. ಮೊಬೈಲಿಗೆ ಆ ಅಂಕಿ ಹಾಕಿ ನಡೆದರೆ ಹಳ್ಳ ದಾಟಿಸಿ ಪಕ್ಕದವರ ಅಡಿಕೆ ಮರದ ಬುಡದಲ್ಲಿ ನಿಲ್ಲಿಸಿತು. ನಮ್ಮ ಬೇಲಿಯಿಂದ 80 ಮೀಟರ್ ಆಚೆ! ಅವರ ನಾಯಿ ಅಟ್ಟಿಸಿಕೊಂಡು ಬಂತು, ಅದು ಬೇರೆ ಕತೆ. ಹೋಟೆಲಿನಲ್ಲಿ ಒಬ್ಬರು, "ಮಿಲಿಟರಿಯವರು ಬೇಕಂತಲೇ ತಪ್ಪು ತೋರಿಸ್ತಾರೆ ಮಾರಾಯ್ರೆ" ಅಂದರು. ನಿಜವಾ? ಈಗಲೂ ಹಾಗೇನಾ?

ಸರಪಳಿ_ಹಳಬ:
ಆಗ ನಿಜ, ಈಗ ಅಲ್ಲ. ನಾನು ಅಳತೆ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಅದರ ಹೆಸರು ಸೆಲೆಕ್ಟಿವ್ ಅವೈಲಬಿಲಿಟಿ. ಶತ್ರುಗಳು ಗುರಿ ಇಡಲು ಬಳಸಬಾರದು ಅಂತ ಅಮೆರಿಕದ ಸೇನೆ 1990ರಿಂದ ಸಾರ್ವಜನಿಕರ ಸಿಗ್ನಲ್ಲನ್ನು ಕೆಡಿಸುತ್ತಿತ್ತು. ಉಪಗ್ರಹದ ಗಡಿಯಾರವನ್ನೇ ಚೂರು ಆಚೆ ಈಚೆ ಅಲುಗಾಡಿಸುವುದು. ಸಿಗ್ನಲ್ ಬರಲು ಹಿಡಿದ ಹೊತ್ತಿನಿಂದಲೇ ಜಿಪಿಎಸ್ ದೂರ ಲೆಕ್ಕ ಹಾಕುವುದು, ಹಾಗಾಗಿ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಹಾಗೆ ಮಾಡಿ ಮಾಡಿ ನಮ್ಮಂಥವರಿಗೆ 100 ಮೀಟರ್ ತನಕ ತಪ್ಪು ಬರುತ್ತಿತ್ತು. ತಮಾಷೆ ಅಂದರೆ, ಕೊಲ್ಲಿ ಯುದ್ಧದಲ್ಲಿ ಅವರ ಸೈನಿಕರಿಗೇ ಮಿಲಿಟರಿ ಸೆಟ್ ಸಾಲದೆ ಅಂಗಡಿಯ ಸೆಟ್ ಹಿಡಿದರು. ಆಗ ಇದನ್ನು ತಾತ್ಕಾಲಿಕವಾಗಿ ಆಫ್ ಮಾಡಬೇಕಾಯಿತು.

ಪೂರ್ತಿ ನಿಂತಿದ್ದು 2000ರ ಮೇ 1ರ ರಾತ್ರಿ, ಕ್ಲಿಂಟನ್ ಆದೇಶದ ಮೇಲೆ. ನಿಮ್ಮ ಚಿಕ್ಕಪ್ಪ ಅದಕ್ಕೆ ಎರಡು ವರ್ಷ ಮೊದಲು ಬರೆದಿದ್ದಾರೆ. ಮೂರನೇ ದಶಾಂಶ ಅಂದರೆ ಎರಡು ಮೀಟರಿಗೂ ಕಡಿಮೆ. ಮೆಷಿನ್ ಅಷ್ಟು ಸಣ್ಣ ಅಂಕಿ ತೋರಿಸಿತು ಅಂತ ಅಷ್ಟು ಸರಿ ಇತ್ತು ಅಂತಲ್ಲ. 80 ಮೀಟರ್ ತಪ್ಪಿದ್ದರಲ್ಲಿ ಆಶ್ಚರ್ಯವೇ ಇಲ್ಲ.

ಮೇಲಿನತೋಟ:
ಅಯ್ಯೋ! ಹಾಗಾದರೆ ಇನ್ನೊಂದು ಪ್ರಶ್ನೆ. ಅದೇ ಪುಟದಲ್ಲಿ ಮನೆ ಬಾವಿಯ ಅಂಕಿಯೂ ಇದೆ. ಬಾವಿ ಎಲ್ಲೂ ಹೋಗಿಲ್ಲವಲ್ಲ. ಬಾವಿ ಎಷ್ಟು ತಪ್ಪಿದೆಯೋ ಅಷ್ಟನ್ನು ಕಲ್ಲಿನ ಅಂಕಿಯಿಂದ ಕಳೆದರೆ?

ಸರಪಳಿ_ಹಳಬ:
ಭಲೇ, ಸರಿಯಾದ ತಲೆ! ಆ ಕಾಲದಲ್ಲಿ ಡಿಫರೆನ್ಷಿಯಲ್ ಜಿಪಿಎಸ್ ಅಂತ ಮಾಡುತ್ತಿದ್ದದ್ದು ಇದನ್ನೇ. ಗೊತ್ತಿರುವ ಜಾಗದಲ್ಲಿ ಒಂದು ಸೆಟ್ ಇಟ್ಟು, ಅದರ ತಪ್ಪನ್ನು ರೇಡಿಯೋದಲ್ಲಿ ಉಳಿದವರಿಗೆ ಹೇಳುವುದು. ಅಮೆರಿಕದ ಕರಾವಳಿ ಕಾವಲು ಪಡೆಯೇ ಹಡಗುಗಳಿಗೆ ಹೀಗೆ ಕೊಡುತ್ತಿತ್ತು. ಒಂದೇ ಸರ್ಕಾರ, ಒಂದು ಕೈಯಲ್ಲಿ ನೀರು ಕದಡಿ ಇನ್ನೊಂದು ಕೈಯಲ್ಲಿ ಸೋಸಿದ ಹಾಗೆ. ಆದರೆ ಆ ತಪ್ಪು ನಿಮಿಷ ನಿಮಿಷಕ್ಕೂ ಅಲೆಯುತ್ತಿತ್ತು. ಬಾವಿಗೂ ಕಲ್ಲಿಗೂ ನಡುವೆ ಎಷ್ಟು ಹೊತ್ತು?

ಮೇಲಿನತೋಟ:
ಪಕ್ಕದಲ್ಲೇ ಟೈಮ್ ಬರೆದಿದ್ದಾರೆ. ಬಾವಿ 10.20, ಕಲ್ಲು 11.05. ನಡುವೆ ತಿಂಡಿ ತಿಂದಿರಬೇಕು.

ಸರಪಳಿ_ಹಳಬ:
ಹಾಗಾದರೆ ಉಪಯೋಗವಿಲ್ಲ ಬಿಡಿ. ತಿಂಡಿ ಕೆಲಸ ಕೆಡಿಸಿತು.

ಹೊಸನಗರ_ಹುಡುಗ:
ಜಿಪಿಎಸ್ ಥರದ್ದೇ ಆದ ಭಾರತದ ನಾವಿಕ್‌ನಲ್ಲೂ ಸೇನೆಗೆ ಬೇರೆ ಗುಪ್ತ ಸಿಗ್ನಲ್ ಇದೆ, ಆದರೆ ಸಾರ್ವಜನಿಕರದ್ದನ್ನು ಕೆಡಿಸುವುದಿಲ್ಲ. ಅಮೆರಿಕವೂ ಹೊಸ ಉಪಗ್ರಹಗಳಲ್ಲಿ ಆ ಸೌಲಭ್ಯವೇ ಇಡುವುದಿಲ್ಲ ಅಂತ 2007ರಲ್ಲಿ ಹೇಳಿದೆ. ಈಗ ನಿಮ್ಮ ಮೊಬೈಲ್ ತಪ್ಪಿದರೆ ಮರ, ಗುಡ್ಡದ ಕಾರಣಕ್ಕೆ. ಅದನ್ನು ನಂಬಿ ಬೇಲಿ ಹಾಕಬೇಡಿ, ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯವರು ಗಡಿ ಅಳೆದು ಗುರುತಿಸುವುದು) ಅರ್ಜಿ ಕೊಡಿ.

ಮೇಲಿನತೋಟ:
ಕೊಡುತ್ತೇನೆ. ಅದಕ್ಕೆ ಮೊದಲು ಉಂಬಳ (ಜಿಗಣೆ) ಕಡಿಮೆಯಾಗಲಿ, ಕತ್ತಿ ಹಿಡಿದು ನಾನೇ ಮಟ್ಟಿ ಸವರಿ ನೋಡುತ್ತೇನೆ. ಕಲ್ಲಿನ ಪಕ್ಕ ಒಂದು ಮತ್ತಿ ಮರ ಇತ್ತು ಅಂತ ಅಮ್ಮನಿಗೆ ನೆನಪಿದೆ.