ನಿಕ್ ಕೇವ್ ಕಾದಂಬರಿ ಮೂವತ್ತನೇ ಪುಟಕ್ಕೇ ನಿಂತಿದೆ, ದಾಟುವುದು ಹೇಗೆ?

ಪ್ರಶ್ನೆ:
ಗಾಯಕ ನಿಕ್ ಕೇವ್ ಬರೆದ ‘ಆ್ಯಂಡ್ ದಿ ಆ್ಯಸ್ ಸಾ ದಿ ಏಂಜೆಲ್’ (1989) ಶುರು ಮಾಡಿದ್ದೇನೆ. ಕೇವ್ ಅವರ ಹಾಡುಗಳಲ್ಲಿ ಕೊಲೆ, ಪಾಪ, ಬೈಬಲ್ ಎಲ್ಲ ಅಭ್ಯಾಸವಾಗಿದೆ. ಇಲ್ಲಿ ಮಾತ್ರ ಎರಡು ತೊಡಕು. ‘ಐ’ ಇರಬೇಕಾದಲ್ಲಿ ‘ಆ’ ಎಂದು ಬರೆದ ಇಂಗ್ಲಿಷು, ನಿಘಂಟಿನಲ್ಲೂ ಸಿಗದ ಪದಗಳು ಒಂದು, ಹಿಂಸೆ ಇನ್ನೊಂದು. ಮುಂದೆ ಇದು ಹೆಚ್ಚುತ್ತದೆಯೇ? ಮೊದಲು ಅವರ ಇನ್ನೊಂದು ಕಾದಂಬರಿ ‘ದಿ ಡೆತ್ ಆಫ್ ಬನ್ನಿ ಮನ್ರೋ’ ಓದಿಕೊಂಡು ಇದಕ್ಕೆ ಬರಲೇ?

ಉತ್ತರ 1:
ನಿಘಂಟು ಪಕ್ಕಕ್ಕಿಡಿ. ಒಂದೊಂದೇ ಪದ ಹುಡುಕುತ್ತ ಕೂತರೆ ವಾಕ್ಯದ ಓಟ ತಪ್ಪುತ್ತದೆ, ಈ ಪುಸ್ತಕ ನಿಂತಿರುವುದೇ ಆ ಓಟದ ಮೇಲೆ. ಕಥೆ ಹೇಳುವ ಯೂಕ್ರಿಡ್ ಹುಟ್ಟಾ ಮೂಗ. ಬಾಯಿಂದ ಒಂದಕ್ಷರವೂ ಹೊರಡದವನ ತಲೆಯೊಳಗೆ ಮಾತು ಧೋ ಎಂದು ಸುರಿಯುತ್ತದೆ. ಪ್ರವಚನಕಾರನ ಬೈಬಲ್ ಇಂಗ್ಲಿಷು, ಹಳ್ಳಿಯ ಒರಟು ಆಡುನುಡಿ, ಅವನೇ ಕಟ್ಟಿಕೊಂಡ ಪದಗಳು, ಎಲ್ಲ ಕಲಸಿಕೊಂಡೇ ಬರುತ್ತವೆ.

ಮೊದಲ ಐವತ್ತು ಪುಟ ದನಿಯೆತ್ತಿ ಓದಿ. ಆ ಕಾಗುಣಿತ ಕಣ್ಣಿಗಲ್ಲ, ಕಿವಿಗೆ. ‘ಆ’ ಎಂದರೆ ನಾನು, ‘ಮಾ’ ಎಂದರೆ ನನ್ನ. ಇವೆರಡು ನಾಲಿಗೆಗೆ ಹತ್ತಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದು ಕೂತಿಗೆ ಹತ್ತು ಹದಿನೈದು ಪುಟ ಸಾಕು. ಅದಕ್ಕಿಂತ ಹೆಚ್ಚಾದರೆ ಕಿವಿ ಮರಗಟ್ಟಿ, ಎಲ್ಲವೂ ಒಂದೇ ಅಬ್ಬರವಾಗಿ ಕೇಳಿಸುತ್ತದೆ.

ಕೊನೆಯೇನು ಎಂಬ ಕುತೂಹಲಕ್ಕೆ ಓದಬೇಡಿ. ಯೂಕ್ರಿಡ್ ಕೆಸರಿನ ಗುಂಡಿಯಲ್ಲಿ ಮುಳುಗುತ್ತಿದ್ದಾನೆ, ಮೇಲೆ ಕಾಗೆಗಳು ಸುತ್ತುತ್ತಿವೆ ಎಂಬುದು ಆರಂಭದಲ್ಲೇ ಗೊತ್ತಾಗಿಬಿಡುತ್ತದೆ. ಉಳಿದದ್ದೆಲ್ಲ ಮುಳುಗುವವನ ನೆನಪು.

ಉತ್ತರ 2:
ಹಿಂಸೆ ಕಡಿಮೆಯಾಗುವುದಿಲ್ಲ. ಯೂಕ್ರಿಡ್‌ನ ತಂದೆ ಪ್ರಾಣಿ ಹಿಡಿಯಲು ಒಡ್ಡುವ ಬೋನುಗಳ ಪುಟಗಳು ದಾಟಿದ ಮೇಲೂ, ಗುಡ್ಡದ ಮೇಲಿನ ವೇಶ್ಯೆ ಕೋಸಿ ಮೋ ಮೇಲೆ ಊರವರು ಮುಗಿಬೀಳುವ ಭಾಗ ಇದೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅತಿ ಕಠಿಣವಾದದ್ದು ಅದೇ, ಏಕೆಂದರೆ ಅಲ್ಲಿ ಹೊಡೆಯುವವರು ದೇವರ ಹೆಸರಿನಲ್ಲಿ ಹೊಡೆಯುತ್ತಾರೆ. ಮಲಗುವ ಮುನ್ನ ಅದನ್ನು ಓದಬೇಡಿ.

ಹೆಚ್ಚಿನವರು ಎಡವುವುದು ಬೇರೆ ಕಡೆ. ಯೂಕ್ರಿಡ್ ‘ದೇವರು ನನ್ನೊಡನೆ ಮಾತಾಡುತ್ತಾನೆ’ ಎಂದಾಗ ಅದನ್ನು ಕೇವ್ ಅವರ ಮಾತೆಂದು ಹಿಡಿದು, ಗಾಯಕರ ಮೇಲೇ ಬೇಸರ ಮಾಡಿಕೊಳ್ಳುತ್ತಾರೆ. ಪುಸ್ತಕದ ಹೆಸರು ಬಂದಿರುವುದು ಬೈಬಲಿನ ಅರಣ್ಯಕಾಂಡದ (ಇಂಗ್ಲಿಷಿನಲ್ಲಿ ‘ನಂಬರ್ಸ್’) 22ನೇ ಅಧ್ಯಾಯದಿಂದ. ಕತ್ತಿ ಹಿರಿದು ದಾರಿಗಡ್ಡ ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಮೇಲೆ ಕೂತ ಬಿಳಾಮನಿಗೆ ಕಾಣುವುದಿಲ್ಲ. ಅವನು ಕತ್ತೆಯನ್ನೇ ಹೊಡೆಯುತ್ತಾನೆ. ಎರಡು ನಿಮಿಷದ ಓದು, ಮೊದಲು ಅದನ್ನು ಮುಗಿಸಿ. ಏಟು ತಿನ್ನುವ ಈ ಮೂಗನಿಗೆ ನಿಜಕ್ಕೂ ಏನಾದರೂ ಕಂಡಿತೇ, ಇಲ್ಲವೇ ಕಂಡಿತೆಂದು ಅವನೇ ನಂಬಿಕೊಂಡನೇ ಎಂಬ ಪ್ರಶ್ನೆ ಆಮೇಲೆ ಪುಟಪುಟಕ್ಕೂ ಕಾಡುತ್ತದೆ.

ಕೇವ್ ಅವರ ‘ಟುಪೆಲೊ’ (1985) ಹಾಡನ್ನೂ ಇನ್ನೊಮ್ಮೆ ಕೇಳಿ. ಗಾಯಕ ಎಲ್ವಿಸ್ ಪ್ರೀಸ್ಲಿಯ ಅವಳಿ ಸತ್ತೇ ಹುಟ್ಟಿದ್ದು ಅದರ ಬೇರು. ಯೂಕ್ರಿಡ್‌ನ ಅವಳಿಯೂ ಉಳಿಯುವುದಿಲ್ಲ. ಹಾಡಿನ ಮಳೆಯೇ ಕಾದಂಬರಿಯಲ್ಲಿ ವರ್ಷಗಟ್ಟಲೆ ಸುರಿಯುತ್ತದೆ.

ಉತ್ತರ 3:
‘ಬನ್ನಿ ಮನ್ರೋ’ (2009) ಇದಕ್ಕೆ ಮೆಟ್ಟಿಲಾಗುವುದಿಲ್ಲ. ಇಂಗ್ಲಿಷು ಸರಳ ನಿಜ, ಆದರೆ ಸರಳವಾದ್ದರಿಂದಲೇ ಏಟು ನೇರ ಬೀಳುತ್ತದೆ. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮನೆಮನೆಗೆ ಸೌಂದರ್ಯವರ್ಧಕ ಮಾರುವ, ಹೆಣ್ಣಿನ ಹುಚ್ಚಿನ ಗಂಡಸು. ಪಕ್ಕದ ಸೀಟಿನಲ್ಲಿ 9 ವರ್ಷದ ಮಗ. ಶುರುವಿನಲ್ಲೇ ಹೆಂಡತಿಯ ಆತ್ಮಹತ್ಯೆ ಇದೆ, ಆ ವಿಷಯ ತಡೆಯಲಾಗದವರು ಈಗಲೇ ತಿಳಿದಿರಲಿ. ಬನ್ನಿಯ ಕೊಳಕು ಯೋಚನೆಗಳಲ್ಲೇ ಮುಳುಗಿದರೆ ಪುಸ್ತಕ ಕೈಬಿಡಬೇಕೆನಿಸುತ್ತದೆ. ಅಪ್ಪನನ್ನು ಆ ಮಗು ಹೇಗೆ ನೋಡುತ್ತಿದೆ ಎಂಬುದರ ಮೇಲೆ ಕಣ್ಣಿಡಿ, ಪುಸ್ತಕದ ಜೀವ ಅಲ್ಲಿದೆ. ಕೇವ್ ತಾವೇ ಓದಿದ ಆಡಿಯೊಬುಕ್ ಇದೆ, ಸಂಗೀತ ಅವರದು ಮತ್ತು ಅವರ ಸಂಗೀತದ ಜೊತೆಗಾರ ವಾರೆನ್ ಎಲ್ಲಿಸ್ ಅವರದು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಈಗ ಹಿಡಿದಿರುವುದನ್ನೇ ಮುಗಿಸಿ.

ಪ್ರಶ್ನೆ ಕೇಳಿದವರು:
ಕೆಲವು ಅಧ್ಯಾಯಗಳಲ್ಲಿ ದನಿಯೇ ಬೇರೆ ಇದೆಯಲ್ಲ, ಅದು ಯಾರದು?

ಉತ್ತರ 1:
ಅವು ಹೊರಗಿನಿಂದ ಹೇಳಿದ ಅಧ್ಯಾಯಗಳು. ‘ಆ’ ಕಾಣದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಉಕ್ಯುಲೈಟ್ ಪಂಥದವರ ಊರಿನಲ್ಲಿ ಏನು ನಡೆಯಿತೆಂಬುದು ಅಲ್ಲಿ ಸಿಗುತ್ತದೆ. ಗೊಂದಲವಾದಾಗ ಹಿಂದಿನ ಗುರುತಿಗೆ ಹೋಗಿ, ಯೂಕ್ರಿಡ್ ಹೇಳಿದ್ದರ ಪಕ್ಕಕ್ಕಿಟ್ಟು ನೋಡಿ.