ಹೊಸ ವ್ಯವಸ್ಥೆ ಬಂದ ಮೇಲೂ ಅನುಭವಿ ನೌಕರರು ಹಳೆಯ ವಹಿಯನ್ನು ಬಿಡುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕಿ. ಬಿಲ್ಲುಗಳ ಪರಿಶೀಲನೆ, ಮಂಜೂರಾತಿ, ಪಾವತಿ ಎಲ್ಲವೂ ಇನ್ನು ಮುಂದೆ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ; ಅದರ ಜೊತೆಗೇ ಮೂರು ವಿಭಾಗಗಳನ್ನು ಒಂದುಗೂಡಿಸಲಾಗಿದೆ. ತರಬೇತಿಯೂ ಮುಗಿದಿದೆ. ಆದರೆ ಅನುಭವಿ ನೌಕರರು ಮೊದಲು ಹಳೆಯ ವಹಿಯಲ್ಲಿ ಬರೆದುಕೊಂಡು ಆಮೇಲೆ ಹೊಸದರಲ್ಲಿ ನಮೂದಿಸುವುದರಿಂದ ಕೆಲಸ ಇಮ್ಮಡಿಯಾಗಿದೆ. ಮೇಲಧಿಕಾರಿಗಳು ಇದನ್ನು ಹಟವೆನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಲವಂತವಿಲ್ಲದೆ ಇವರನ್ನು ಹೊಸ ಕೆಲಸಕ್ಕೆ ಸಜ್ಜುಗೊಳಿಸುವುದು ಹೇಗೆ?

ಉತ್ತರ 1

ನಿಮ್ಮ ಅನಿಸಿಕೆಗೆ ಹಳೆಯ, ಗಟ್ಟಿಯಾದ ಆಧಾರವಿದೆ. ಅಮೆರಿಕದ ವರ್ಜೀನಿಯಾದಲ್ಲಿ ಪೈಜಾಮ ಹೊಲಿಯುತ್ತಿದ್ದ ಹಾರ್ವುಡ್ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲಸದ ವಿಧಾನ ಬದಲಾದಾಗ ಒಂದು ಗುಂಪಿಗೆ ಸಭೆ ಕರೆದು ವಿವರಿಸಲಾಯಿತು, ಪ್ರಶ್ನೆಗಳಿಗೆ ಉತ್ತರವನ್ನೂ ಕೊಡಲಾಯಿತು, ಆದರೆ ಬದಲಾವಣೆಯನ್ನು ರೂಪಿಸುವುದರಲ್ಲಿ ಪಾಲು ಕೊಡಲಿಲ್ಲ. ಆ ಗುಂಪಿನ ಉತ್ಪಾದನೆ ಚೇತರಿಸಿಕೊಳ್ಳಲಿಲ್ಲ. ಮೊದಲ 40 ದಿನಗಳಲ್ಲೇ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಹೊಸ ವಿಧಾನವನ್ನು ತಾವೇ ಕೂಡಿ ರೂಪಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ದಾಟಿದವು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದರ ಮುಂದಿನ ಭಾಗ: ಮೊದಲ ಗುಂಪಿನಲ್ಲಿ ಉಳಿದವರನ್ನೇ ಕೆಲವು ವಾರಗಳ ನಂತರ ಪೂರ್ಣ ಪಾಲ್ಗೊಳ್ಳುವಿಕೆಯೊಂದಿಗೆ ಬೇರೊಂದು ಕೆಲಸಕ್ಕೆ ಬದಲಾಯಿಸಿದಾಗ ಅವರೂ ಅಷ್ಟೇ ಬೇಗ ಹೊಂದಿಕೊಂಡರು. ಜನ ಬದಲಾಗಿರಲಿಲ್ಲ, ಅವರನ್ನು ನಡೆಸಿಕೊಂಡ ರೀತಿ ಬದಲಾಗಿತ್ತು. ಹಟವೆನ್ನುವವರಿಗೆ ಇದನ್ನು ದಯವಿಟ್ಟು ತೋರಿಸಿ.

ಉತ್ತರ 2

ನಾನು ತರಬೇತಿ ವಿಭಾಗದಲ್ಲಿರುವವನು. ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದರು: ಕಲಿತವರ ಅಭಿಪ್ರಾಯ, ಅವರು ಕಲಿತದ್ದು, ಕೆಲಸದಲ್ಲಿ ಕಾಣುವ ನಡವಳಿಕೆ, ಕೊನೆಗೆ ಸಂಸ್ಥೆಗಾದ ಪರಿಣಾಮ. ಬಹುತೇಕ ಕಡೆ ಅಭಿಪ್ರಾಯದ ನಮೂನೆ ತುಂಬಿಸಿಕೊಂಡು ಕೈತೊಳೆದುಕೊಳ್ಳುತ್ತಾರೆ. ನಿಮ್ಮಲ್ಲಿ ತೊಡಕಿರುವುದು ಮೂರನೆಯ ಹಂತದಲ್ಲಿ, ಅದನ್ನು ಇನ್ನೊಂದು ತರಗತಿ ನಡೆಸಿ ಸರಿಪಡಿಸಲಾಗದು.

ಮೊದಲು ಅವರ ಪಕ್ಕದಲ್ಲಿ ಕುಳಿತು, ಆ ವಹಿಯಲ್ಲಿ ಏನು ಬರೆಯುತ್ತಾರೆಂದು ನೋಡಿ. ಒಂದು ಬಿಲ್ಲನ್ನು ಏಕೆ ತಡೆಹಿಡಿಯಲಾಯಿತು, ಯಾರ ಮಾತಿನ ಮೇಲೆ ಬಿಡುಗಡೆಯಾಯಿತು ಎಂಬಂಥ ವಿವರಗಳಿಗೆ ಹೊಸ ವ್ಯವಸ್ಥೆಯಲ್ಲಿ ಜಾಗವೇ ಇಲ್ಲದಿರಬಹುದು. ಹಾಗಿದ್ದರೆ ಕೊರತೆ ಸಾಫ್ಟ್‌ವೇರ್‌ನದು, ಅದನ್ನು ಗುರುತಿಸಿದ ಹಿರಿಮೆ ಆ ನೌಕರರದು. ಎರಡೂ ಕಡೆ ಬರೆಯುವುದನ್ನು ತಪ್ಪೆನ್ನದೆ, ಅದಕ್ಕೊಂದು ಕೊನೆಯ ದಿನಾಂಕವನ್ನು ಅವರೊಡನೆಯೇ ಗೊತ್ತುಪಡಿಸಿ. ಕಲಿಕೆಯ ತಿಂಗಳುಗಳಲ್ಲಿ ದಿನದ ಗುರಿಯನ್ನು ಇಳಿಸಲೇಬೇಕು. ಹಳೆಯ ವೇಗವನ್ನೇ ನಿರೀಕ್ಷಿಸಿದರೆ ಯಾರಾದರೂ ತಮಗೆ ರೂಢಿಯಾದ ದಾರಿಯನ್ನೇ ಹಿಡಿಯುತ್ತಾರೆ. ಸಹೋದ್ಯೋಗಿಗಳಿಗೆ ಕಲಿಸಬಲ್ಲ ಒಬ್ಬರ ದೈನಂದಿನ ಕೆಲಸವನ್ನೂ ಸ್ವಲ್ಪ ಕಡಿಮೆ ಮಾಡಿಕೊಡಿ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಮೂರು ವಿಭಾಗಗಳು ಒಂದಾಗಿವೆ ಎಂದಿದ್ದೀರಿ. ಹಾಗಾದರೆ ಮೂವರು ಮಾಡುತ್ತಿದ್ದ ಕೆಲಸಕ್ಕೆ ಇನ್ನು ಎಷ್ಟು ಜನ ಬೇಕು ಎಂಬ ಪ್ರಶ್ನೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುತ್ತದೆ. ತನ್ನ ಅನುಭವವೆಲ್ಲ ಇರುವ ವಹಿಯನ್ನು ಅಂಥ ಹೊತ್ತಿನಲ್ಲಿ ಯಾರು ತಾನೇ ಸುಲಭವಾಗಿ ಒಪ್ಪಿಸುತ್ತಾರೆ? ಹುದ್ದೆಗಳು ಉಳಿಯುತ್ತವೆಯೇ, ಬಡ್ತಿಯ ಸರದಿ ಏನಾಗುತ್ತದೆ, ಯಾರು ಯಾರಿಗೆ ವರದಿ ಮಾಡಬೇಕು ಎಂಬುದನ್ನು ಆಡಳಿತ ಮಂಡಳಿಯಿಂದ ಲಿಖಿತವಾಗಿ ಪಡೆಯಲು ಯತ್ನಿಸಿ. ಇನ್ನೂ ತೀರ್ಮಾನವಾಗಿಲ್ಲವೆಂದರೆ, ಯಾವಾಗ ಆಗುತ್ತದೆ ಎಂಬುದನ್ನಾದರೂ ತಿಳಿಸಿ. ಹಾಗೆಯೇ, ಈಗಾಗಲೇ ನಿಶ್ಚಯವಾದ ಸಂಗತಿಗಳ ಬಗ್ಗೆ ಅವರ ಸಲಹೆ ಕೇಳಬೇಡಿ; ಸಾಫ್ಟ್‌ವೇರ್ ಬರುವುದು ಖಚಿತವೆಂದು ನೇರವಾಗಿ ಹೇಳಿ, ಕೆಲಸದ ಹಂಚಿಕೆ, ನಮೂನೆಗಳ ವಿನ್ಯಾಸ, ಬದಲಾವಣೆಯ ವೇಳಾಪಟ್ಟಿ ಇವುಗಳಲ್ಲಿ ಮಾತ್ರ ನಿಜವಾದ ಅಧಿಕಾರ ಕೊಡಿ.